ಮಾಮಲೇದಾರರ ಅಪ್ಪಣೆಯಾದ ಮೇಲೆ ಜನನ

ಸಾವಿರದ ಒಂಬೈನೂರ ಮೂವತ್ತರ ಸುಮಾರಿಗೆ ಗೋಕಾಕದಲ್ಲಿ ಯೇಸುಸ್ವಾಮಿಯ ಜನನವನ್ನು ಸರಕಾರಿ ಹುಕುಮಿನ ಮೇರೆಗೆ ಯುಗಾದಿಗೆ ಮುಂದೂಡಲಾಯಿತು.

ಮಿಶನ್ ಸಾಲಿಯ ಪಾದ್ರಿ ಯೋಹಾನಪ್ಪನವರು ಕ್ರಿಸ್ಮಸ್ ನಾಟಕಕ್ಕೆ ಊರನ್ನೆಲ್ಲ ಕರೆದಿದ್ದರು. ಮರಿಯಳ ಪಾತ್ರ ಸಾಲಿಯ ಕಸ ಹೊಡೆಯುವ ಸೀತವ್ವನಿಗೆ ಸಿಕ್ಕಿತು. ಯೇಸುವಾಗಲು ಬೇಕಾದ ಕೂಸು ಇದ್ದದ್ದು ಅವಳ ಹತ್ತಿರ ಮಾತ್ರ.

ಬೆಲ್ಲದ ವ್ಯಾಪಾರಿ ದುಂಡಪ್ಪನವರು ತಾಲೂಕಿನ ಮಾಮಲೇದಾರ ಕಚೇರಿಗೆ ತಕರಾರು ಒಯ್ದರು. "ಕೇಳೋ ಮಂದಿ ನಮ್ಮವರು, ಹೇಳೋ ಧರ್ಮ ಅವರದು ಅಂದ್ರ ಹೆಂಗ್ರಿ? ನಾವೂ ಬಸವಣ್ಣನ ನಾಕು ಮಾತು ಹೇಳ್ತೇವಿ."

ಅರಿವೆ ಅಂಗಡಿಯ ವರ್ಧಮಾನ ಅವರು, "ಹಂಗಾದ್ರ ನಮ್ಮ ಅಹಿಂಸಾನೂ ಇರಲಿ" ಎಂದರು.

"ನಿಮ್ಮ ಹಬ್ಬಕ್ಕ ನನ್ನ ಭಾಷಣ ಇಡ್ತೀರೇನ್ರಿ?" ಎಂದು ಕಚೇರಿಗೆ ಕರೆಸಿದ್ದ ಪಾದ್ರಿಗಳು ಕೇಳಿದರು.

"ಅದಕ್ಕ ಬ್ಯಾರೆ ಅರ್ಜಿ ಕೊಡಬೇಕ್ರಿ" ಎಂದ ಕಾರಕೂನ.

ಮಾಮಲೇದಾರರ ಹುಕುಂ ಹೊರಟಿತು: "ಕ್ರಿಸ್ಮಸ್ ಉರುಫ್ ನಾತಾಳ ಹಬ್ಬದ ಹಂದರದಲ್ಲಿ ಸರ್ವರೂ ಸ್ವಧರ್ಮ ಪ್ರಚಾರ ಮಾಡತಕ್ಕದ್ದು. ಭಾಷಣಗಳು ಮುಗಿಯುವತನಕ ಯೇಸು ಹುಟ್ಟತಕ್ಕದ್ದಲ್ಲ."

ದುಂಡಪ್ಪನವರು ಬಸವಣ್ಣನ ಬಾಲ್ಯ ಮುಗಿಸುವಷ್ಟರಲ್ಲಿ ಸಾಲಿಯ ರಜೆ ಮುಗಿಯಿತು. ವರ್ಧಮಾನರು ಮೊದಲ ತೀರ್ಥಂಕರರಿಂದ ಆರಂಭಿಸಿ, ಸಂಕ್ರಾಂತಿಯಾದರೂ ಅವರ ಕಥೆಯಲ್ಲಿಯೇ ಇದ್ದರು. ಮಾತಾಡಿದವರಿಗೆ ಮಿಶನ್ ಖರ್ಚಿನಲ್ಲಿ ಚಹಾ, ಅವಲಕ್ಕಿ ಇದೆಯೆಂದು ತಿಳಿದು ಮೂಡಲಗಿ, ಹುಕ್ಕೇರಿಗಳಿಂದಲೂ ಧರ್ಮಾಭಿಮಾನಿಗಳು ಬಂಡಿ ಕಟ್ಟಿಕೊಂಡು ಬಂದರು. ಕೇಳುವವರು ಉಳಿಯಲಿಲ್ಲ, ಪಾಳಿಗಾಗಿ ಕಾಯುವವರೇ ಕೂತಿರುತ್ತಿದ್ದರು. ಸೀತವ್ವ ಮಾತ್ರ ದಿನಾ ಮರಿಯಳ ನೀಲಿ ಸೀರೆಯುಟ್ಟು, ಯೇಸು ಹುಟ್ಟಬೇಕಾದ ಗೋದಲಿಯ ಬಾಜೂ ಕೂತು ಆಕಳಿಸುತ್ತಿದ್ದಳು.

ಕಡೆಗೆ ಅವಳೇ ಎದ್ದು ಕೇಳಿದಳು: "ಸಾಹೇಬ್ರ, ನನಗ ಹಡಿಯಾಕ ಅಪ್ಪಣಿ ಯಾವಾಗ್ರಿ? ಘೋಡಗೇರ್‍ಯಾಗ ತಂಗಿ ಮದವಿ ಐತ್ರಿ. ಕೂಸಿಗೆ ಹಲ್ಲೂ ಬರಾಕತ್ತಾವ್ರಿ."

ಮಾಮಲೇದಾರರು ಶಾಂತವಾಗಿ ಹೇಳಿದರು: "ಹುಟ್ಟದ ಕೂಸಿಗೆ ಹಲ್ಲು ಬರಾಕ ಕಾಯ್ದೇದಾಗ ಅವಕಾಶ ಇಲ್ಲವ್ವಾ."

ಸೀತವ್ವ ಕೂಸಿನ ಬಾಯಿಗೆ ಸೆರಗು ಮುಚ್ಚಿ ಕೂತಳು. ತಂಗಿಯ ಮದುವೆ ಅವಳಿಲ್ಲದೆ ಆಯಿತು.

ಯುಗಾದಿಯ ಹೊತ್ತಿಗೆ ಮಿಶನ್ನಿನ ಚಹಾಪುಡಿ ತೀರಿತು. ಸರ್ವಧರ್ಮಗಳ ಪ್ರಚಾರವೂ ಅಂದೇ ಮುಗಿಯಿತು. ಅಪ್ಪಣೆ ಸಿಕ್ಕಿ ಪರದೆ ಎತ್ತಿದರು. ಆಗತಾನೇ ಹುಟ್ಟಿದ ಯೇಸು ಗೋದಲಿಯಿಂದ ಇಳಿದು, ಅಂಬೆಗಾಲಿಡುತ್ತ ಮುಂದೆಯೇ ಕೂತಿದ್ದ ಮಾಮಲೇದಾರರ ಹತ್ತಿರ ಬಂದು, ಅವರ ಬೆರಳು ಕಚ್ಚಿದನು.

"ಏನಂತ ಬರೀಲಿ ಸಾಹೇಬ್ರ?" ಎಂದ ಕಾರಕೂನ.

"ಜನನ ಸುಸೂತ್ರ ಅಂತ ಬರಿ" ಎಂದರು, ಬೆರಳು ಒರೆಸಿಕೊಳ್ಳುತ್ತ.

ದುಂಡಪ್ಪನವರು ಕೈಮುಗಿದು ವರ್ಧಮಾನರ ಕಿವಿಯಲ್ಲಿ, "ಹುಟ್ಟಿದ ಕೂಡಲೇ ಹರದಾಡತೈತಿ ನೋಡ್ರಿ. ದೇವರ ಮಗ ಅಂತ ಪಾದ್ರಿ ಹೇಳಿದ್ದು ಖರೆ ಐತಿ" ಎಂದರು.

ವರ್ಧಮಾನರೂ ಕೈಮುಗಿದರು.