ಕಡಲೆ ಮಿಠಾಯಿ ಹದಿನಾಲ್ಕು

ನೀರಿನ ಬಾಟಲಿ ಒಂಬತ್ತು, ಚಿಪ್ಸ್ ಪೊಟ್ಟಣ ಆರು, ಕಡಲೆ ಮಿಠಾಯಿ ಹದಿನಾಲ್ಕು. ಅರಣ್ಯದ ಗೇಟಿನಲ್ಲಿರುವ ರಿಜಿಸ್ಟರಿನಲ್ಲಿ ಇದನ್ನು ಬರೆದವಳು ನಾನೇ. ‘ತಂಡದ ಮುಖ್ಯಸ್ಥರು’ ಎಂಬಲ್ಲಿ ಸಹಿ ಹಾಕಿದವಳೂ ನಾನೇ. ಬೆಟ್ಟ ಹತ್ತುವವರು ಒಯ್ಯುವ ಪ್ಲಾಸ್ಟಿಕ್ಕನ್ನೆಲ್ಲ ಅಲ್ಲಿ ಎಣಿಸಿ ಬರೆದುಕೊಳ್ಳುತ್ತಾರೆ, ಇಳಿದು ಬಂದಾಗ ಖಾಲಿ ಹೊದಿಕೆಗಳನ್ನು ಮತ್ತೆ ಎಣಿಸುತ್ತಾರೆ. ಮುಖ್ಯಸ್ಥೆಯಾಗುವ ಆಸೆ ನನಗೆ ಎಂದೂ ಇರಲಿಲ್ಲ. ವಿರಾಜಪೇಟೆಯ ನಮ್ಮ ಕಾಲೇಜಿನಿಂದ ಏಳು ಮಂದಿ ಅಧ್ಯಾಪಕರು ಎರಡನೇ ಶನಿವಾರ ಹೊರಟಿದ್ದೆವು. ರಿಜಿಸ್ಟರ್ ಕಂಡದ್ದೇ ತಡ, ಎಲ್ಲರೂ ಒಟ್ಟಿಗೆ ಬಗ್ಗಿ ಶೂ ಲೇಸು ಕಟ್ಟತೊಡಗಿದರು. ರಸಾಯನಶಾಸ್ತ್ರದ ಲೀನಾ ಮೇಡಂ ತಲೆ ಎತ್ತದೆಯೇ, “ನೀವೇ ಬರೀರಿ, ನಿಮ್ಮ ಅಕ್ಷರ ಚೆಂದ ಉಂಟು” ಎಂದರು. ಮಾತು ಕಡಿಮೆ ಆಡುವವರಿಗೆ ಲೋಕ ಕೊಡುವ ಬಹುಮಾನವೇ ಇದು: ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಕೈಯಲ್ಲಿ ಪೆನ್ನಿರುತ್ತದೆ. ನಾನು ಇನಿಶಿಯಲ್ ಸಮೇತ ಪೂರ್ತಿ ಹೆಸರು ಬರೆಯುವುದನ್ನು ಕಂಡು ದೈಹಿಕ ಶಿಕ್ಷಣದ ಸೋಮಣ್ಣ ಸರ್, “ಎಂ.ಎ. ಅಂತಲೂ ಹಾಕಿ ಮೇಡಂ, ಆನೆಗಳಿಗೂ ಗೊತ್ತಾಗ್ಲಿ” ಎಂದರು. ಎಲ್ಲರೂ ನಕ್ಕರು. ನಾನು ಹಾಕಿದೆ.

ಕಾಡಿಗೆ ಬಂದು ಕಾಡನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಅಂದು ನಮ್ಮ ಮುಂದೆ ಒಂದು ಗುಂಪು ಸ್ಪೀಕರ್ ಹಾಕಿಕೊಂಡು ಹತ್ತುತ್ತಿತ್ತು. ಅವರು ಎಸೆದುಹೋದ ಪೊಟ್ಟಣಗಳು ದಾರಿಯುದ್ದಕ್ಕೂ ಮಿನುಗುತ್ತಿದ್ದವು. ನಮ್ಮ ಪ್ಲಾಸ್ಟಿಕ್ಕಾದರೂ ಎಣಿಕೆಯಲ್ಲಿ ಸರಿಯಾಗಿರಬೇಕೆಂದು ನಾನು ಎಲ್ಲರ ಕೈಯನ್ನೂ ಕಾಯುತ್ತ ನಡೆದೆ. ಅದಕ್ಕೆ ಕಾರಣವೂ ಇತ್ತು. ಮುಂದಿನ ತಿಂಗಳು ಇದೇ ಬೆಟ್ಟದ ಬುಡದಲ್ಲಿ ನಮ್ಮ ಇಪ್ಪತ್ತೆರಡು ವಿದ್ಯಾರ್ಥಿನಿಯರಿಗೆ ಟೆಂಟ್ ಹಾಕಿ ಎರಡು ದಿನದ ಶಿಬಿರ ಮಾಡುವುದಿತ್ತು, ಅನುಮತಿಗೆ ನನ್ನ ಹೆಸರಲ್ಲೇ ಅರ್ಜಿ ಹೋಗಿತ್ತು. ಒಬ್ಬಳು ಆಗಲೇ ಹೊಸ ಟಾರ್ಚ್ ಕೊಂಡು, ಇತಿಹಾಸದ ತರಗತಿಯಲ್ಲಿ ದಿನಕ್ಕೊಮ್ಮೆ ಅದನ್ನು ನನ್ನ ಮುಖಕ್ಕೇ ಬಿಟ್ಟು ಪರೀಕ್ಷಿಸುತ್ತಿದ್ದಳು. ಇತ್ತ ಸೋಮಣ್ಣ ಸರ್ ತಮ್ಮ ಪಾಲಿನ ಎರಡು ಮಿಠಾಯಿ ಮುಗಿಸಿ ಲೀನಾ ಮೇಡಂ ಮತ್ತು ಇತರರ ಪಾಲಿಗೂ ಕೈಹಾಕಿ ಐದಕ್ಕೆ ಮುಟ್ಟಿದ್ದರು. ಪ್ರತಿ ಸಲವೂ ಜೇಬು ತಟ್ಟಿ, “ಲೆಕ್ಕ ಉಂಟು ಮೇಡಂ, ನೀವು ಬೆಟ್ಟ ನೋಡಿ” ಎನ್ನುತ್ತಿದ್ದರು.

ಸಂಜೆ ಗೇಟಿನ ಬೆಂಚಿನ ಮೇಲೆ ವಾಚರ್ ಕುಶಾಲಪ್ಪನವರು ಎರಡು ಸಲ ಎಣಿಸಿದರು. ಕಡಲೆ ಮಿಠಾಯಿಯ ಹೊದಿಕೆ ಹದಿಮೂರು.

“ಒಂದು ಕಮ್ಮಿ ಉಂಟು. ಲೆಕ್ಕ ತಪ್ಪಿದ್ರೆ ಆ ಹೆಸರಿಗೆ ಈ ವರ್ಷ ಪರ್ಮಿಷನ್ ಇಲ್ಲ. ನಾನೆಂತ ಮಾಡುದು? ಸೋಮವಾರ ರಿಜಿಸ್ಟರ್ ಆಫೀಸಿಗೆ ಹೋಗ್ತದೆ. ಅದರ ಮುಂಚೆ ತಂದುಕೊಟ್ರೆ ಸರಿ.”

ನಾಲ್ಕು ವರ್ಷದಲ್ಲಿ ಸ್ಟಾಫ್ ರೂಮಿನಲ್ಲಿ ನಾನು ಸ್ವಂತವಾಗಿ ಆಡಿದ ಮಾತೆಂದರೆ ಫ್ಯಾನ್ ಹಾಕಲೇ ಎಂಬುದೊಂದೇ. ಅಂದು ಮಾತ್ರ ಕುಶಾಲಪ್ಪನವರ ನಾಯಿಯೂ ಎದ್ದು ನಿಲ್ಲುವಷ್ಟು ಜೋರಾಗಿ, “ಐದು ತಿಂದವರು ಯಾರು ಸರ್?” ಎಂದೆ. ಸೋಮಣ್ಣ ಸರ್, ಬೆಂಚಿನ ಮೇಲಿದ್ದ ರಾಶಿಯಿಂದ ಅಂಟಂಟಾದ ಐದು ಹೊದಿಕೆಗಳನ್ನು ಬೇರೆ ಮಾಡಿ ತೋರಿಸಿದರು. ನಾನು ಬಿಡಲಿಲ್ಲ: “ಹಾಗಾದರೆ ಆರನೆಯದು?” ಅವರು ಬಂದ ದಾರಿಯಲ್ಲೇ ಮತ್ತೆ ಹತ್ತಿದರು. ಮುಕ್ಕಾಲು ಗಂಟೆಯ ಮೇಲೆ ಇಳಿದು ಬಂದಾಗ ಕಾಲುಚೀಲದ ಮೇಲೆ ಜಿಗಣೆ ಕಚ್ಚಿದ ರಕ್ತ, ಕೈಯಲ್ಲಿ ಯಾರೋ ಎಸೆದ ನಾಲ್ಕು ಚಿಪ್ಸ್ ಪೊಟ್ಟಣ. “ಇದು ನಿಮ್ಮ ಲೆಕ್ಕಕ್ಕೆ ಬರುದಿಲ್ಲ ಸರ್” ಎಂದರು ಕುಶಾಲಪ್ಪ. ವಾಪಸು ಬರುವಾಗ ಜೀಪಿನಲ್ಲಿ ನಾಗರಿಕ ಪ್ರಜ್ಞೆಯ ಬಗ್ಗೆ, ಮೂರು ಉಪಶೀರ್ಷಿಕೆಗಳ ಸಹಿತ, ನಾನು ಮನಸ್ಸಿನಲ್ಲೇ ಒಂದು ಭಾಷಣ ಸಿದ್ಧಪಡಿಸಿದೆ.

ಮನೆಗೆ ಬಂದು ರೇನ್‌ಕೋಟು ಒಣಹಾಕುವಾಗ ಒಳಜೇಬಿನಲ್ಲಿ ಏನೋ ಚುಚ್ಚಿತು. ಹೊದಿಕೆಗಳನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಉಗುರಿನಷ್ಟಾಗುವವರೆಗೆ ಮಡಚುವುದು ನನ್ನ ಚಿಕ್ಕಂದಿನ ಅಭ್ಯಾಸ. ಬೆಟ್ಟದ ತುದಿಯಲ್ಲಿ ಎಲ್ಲರಿಗೂ ಬೆನ್ನು ಹಾಕಿ ಕೂತು, ನನ್ನ ಪಾಲಿನ ಎರಡನೆಯದನ್ನು ನಾನು ಯಾರಿಗೂ ಕಾಣದಂತೆ ತಿಂದಿದ್ದೆ. ಸಿಟ್ಟು ಒಮ್ಮೆಲೇ ಇಳಿಯುವಂಥದ್ದಲ್ಲ, ನಿಲ್ಲಲು ಬೇರೆ ಜಾಗ ಹುಡುಕುತ್ತದೆ. ರೇನ್‌ಕೋಟಿಗೆ ಒಳಜೇಬು ಯಾಕೆ ಇಡಬೇಕು ಎಂದು ಅದನ್ನು ಹೊಲಿದವರ ಮೇಲೆ ಅರ್ಧ ಗಂಟೆ ಕೋಪಿಸಿಕೊಂಡೆ. ಆಮೇಲೆ ಬೈಯಲು ಯಾರೂ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆಂದು ಸ್ಟ್ಯಾಂಡಿಗೆ ಹೋದರೆ ಅಲ್ಲಿ ಸೋಮಣ್ಣ ಸರ್. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಜಿಗಣೆಗೆಂದು ಉಪ್ಪಿನ ಪೊಟ್ಟಣ.

“ಮೇಲಿನ ತಿರುವು ನಿನ್ನೆ ನೋಡ್ಲಿಕ್ಕೆ ಆಗ್ಲಿಲ್ಲ ಮೇಡಂ. ಹುಡುಗಿಯರ ಕ್ಯಾಂಪ್ ಅಲ್ಲವಾ.”

ನಾನು ಅಂಗೈ ಬಿಚ್ಚಿದೆ. ಅವರು ಆ ಚೂರನ್ನು ಎತ್ತಿಕೊಂಡು ಒಂದೊಂದೇ ಮಡಿಕೆ ಬಿಡಿಸಿದರು. ಬಿಡಿಸಿ ಮುಗಿಯುವಂತೆಯೇ ಕಾಣಲಿಲ್ಲ.

“ಇಷ್ಟು ನೀಟಾಗಿ ಮಡಚ್ಲಿಕ್ಕೆ ನನಗೆ ಬರುದಿಲ್ಲ” ಎಂದರು.

“ತಪ್ಪಾಯಿತು ಸರ್” ಎಂದೆ.

“ಎಂತ? ನಿನ್ನೆ ಗೇಟಲ್ಲಿ ಇದಕ್ಕಿಂತ ಜೋರಾಗಿ ಮಾತಾಡಿದ್ರಲ್ಲ.”

ಆದ್ದರಿಂದ ಗೇಟಿನ ದನಿಯಲ್ಲೇ ಇನ್ನೊಮ್ಮೆ ಹೇಳಿದೆ. ಕೇರಳದ ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿ ನೋಡಿದರು. ಉಪ್ಪು ಹೇಗೂ ತಂದಾಗಿದೆಯಲ್ಲ ಎಂದು ಸರ್ ಕೂಡ ಬಸ್ ಹತ್ತಿದರು. ಗೇಟಿನಲ್ಲಿ ಕುಶಾಲಪ್ಪನವರು ಹೊದಿಕೆಯನ್ನು ‘ಒಂದು’ ಎಂದು ಗಟ್ಟಿಯಾಗಿ ಎಣಿಸಿ, ರಿಜಿಸ್ಟರನ್ನು ನನ್ನ ಕಡೆಗೆ ತಳ್ಳಿದರು. ಷರಾ ಕಾಲಮಿನಲ್ಲಿ ಚೆಂದದ ಅಕ್ಷರದಲ್ಲಿ ಬರೆದೆ: ‘ಕಡಿಮೆ ಇದ್ದ ಒಂದು ಹೊದಿಕೆ ಮುಖ್ಯಸ್ಥೆಯ ಜೇಬಿನಲ್ಲೇ ಇತ್ತು.’ ಕೆಳಗೆ ಬರೀ ಹೆಸರು ಬರೆದು ಪೆನ್ನು ಮುಚ್ಚಿದೆ.

“ಎಂ.ಎ. ಬಿಟ್ಟುಹೋಯ್ತು ಮೇಡಂ” ಎಂದರು ಹಿಂದಿನಿಂದ ಸೋಮಣ್ಣ ಸರ್.

ಅದನ್ನೂ ಹಾಕಿದೆ.