ಹೆಸ್ಟರ್ ಹೊಲಿದ ಮೂಗು

"ನಿನ್ನ ಕಸೂತಿಗೆ ಫ್ರೇಮ್ ಹಾಕೋದೇನು ಮಹಾ ವಿದ್ಯೆ? ಅಂಗಡಿಯವರ್ಯಾಕೆ, ನಾನಿಲ್ವಾ!" ಎಂದು ಎದೆ ತಟ್ಟಿಕೊಂಡ ಕ್ರಿಸ್ಪಿನ್. ಇಂಗ್ಲೆಂಡಿನ ಲಡ್ಲೊ ಪೇಟೆಯ ಬಣ್ಣದಂಗಡಿಯಲ್ಲಿ ದಿನವಿಡೀ ಡಬ್ಬ ಜೋಡಿಸುವ ಆಸಾಮಿ. ಸುತ್ತಿಗೆ ಕೈಗೆ ಬಂದರೆ ಸಾಕು, ಅರಮನೆ ಕಟ್ಟಿದವನ ಗತ್ತು!

"ಹುಷಾರು ಕಣೋ. ನಾಳೇನೇ ಪ್ರದರ್ಶನ. ನನ್ನ ಮೊದಲನೇದು" ಎಂದು ಹೆಂಡತಿ ಹೆಸ್ಟರ್ ಕೆಲಸಕ್ಕೆ ಹೋದಳು.

ಚಳಿಗಾಲವಿಡೀ ಕೂತು ಅವಳು ಹೊಲಿದದ್ದು ಉಬ್ಬು ಕಸೂತಿ. ಹಳೇ ಕಾಲದ ಇಂಗ್ಲಿಷ್ ಹೆಣ್ಣುಮಕ್ಕಳು ರಾಜ ರಾಣಿಯರನ್ನು ಹೊಲಿಯುತ್ತಿದ್ದ ಹಾಗೆಯೇ, ಒಳಗೆ ಉಣ್ಣೆ ತುರುಕಿ, ಎಲೆಗಳಿಗೆ ತಂತಿ ಕೊಟ್ಟು, ಎಲ್ಲವೂ ಬಟ್ಟೆ ಬಿಟ್ಟು ಎದ್ದು ನಿಲ್ಲುವಂತೆ. ರಾಜ ರಾಣಿಯರ ಜಾಗದಲ್ಲಿ ಮಾತ್ರ, ಸೇಬಿನ ಮರದ ಕೆಳಗೆ, ಸಾಕ್ಷಾತ್ ಕ್ರಿಸ್ಪಿನ್ ಮತ್ತು ಹೆಸ್ಟರ್! ಪಕ್ಕದಲ್ಲಿ, ಅಳತೆ ಲೆಕ್ಕಿಸದ ಹಳೇ ಪದ್ಧತಿಯಂತೆ, ಮನೆಯಷ್ಟು ದಪ್ಪದೊಂದು ಕಂಬಳಿಹುಳು.

ಗಾಜು ಕೂತಿತು. ಕಸೂತಿ ಕೂತಿತು. ಹಿಂದಿನ ಹಲಗೆ ಮಾತ್ರ ಮುಚ್ಚಲೊಲ್ಲದು! ಇಂಥ ಕಸೂತಿಗೆ ಪೆಟ್ಟಿಗೆಯಂಥ ಆಳದ ಫ್ರೇಮ್ ಬೇಕೆಂದು ಮಹಾಶಿಲ್ಪಿಗೇನು ಗೊತ್ತು? ಅಂಗೈಯಲ್ಲಿ ಒತ್ತಿದ. ಮೊಣಕೈ ಊರಿದ. ಕೊನೆಗೆ ಅದನ್ನು ಜಮಖಾನದ ಮೇಲೆ ಬೋರಲು ಹಾಕಿ, ಪಟ್ಟಕ್ಕೇರುವ ಗಾಂಭೀರ್ಯದಿಂದ ಅದರ ಮೇಲೆ ಕೂತೇಬಿಟ್ಟ!

ಹಲಗೆ ಮುಚ್ಚಿತು. ತಿರುಗಿಸಿ ನೋಡಿದರೆ ಸೇಬುಗಳು ಬಿಸ್ಕತ್ತಾಗಿದ್ದವು, ಕಂಬಳಿಹುಳು ಬೆಲ್ಟಾಗಿತ್ತು. ಕಸೂತಿಯ ಕ್ರಿಸ್ಪಿನ್ ಮಿಠಾಯಿ ಅಂಗಡಿಯ ಗಾಜಿಗೆ ಮೂಗೊತ್ತಿ ನಿಂತವನಂತಿದ್ದ. ಗಾಬರಿಯಿಂದ ಬಿಚ್ಚಿ, ಚಿಮಟದಲ್ಲಿ ಮೂಗು ಎಳೆದ. ಅದು ಎಡಕ್ಕೆ ವಾಲಿತು!

ಬಾಗಿಲು ತೆರೆಯಿತು.

"ಏನ್ ಮಾಡ್ದೆ?"

"ಕೂತ್ಕೊಂಡೆ."

"ಎಲ್ಲಿ?"

"ನಮ್ಮಿಬ್ಬರ ಮೇಲೆ."

ಹೆಸ್ಟರ್ ಚೀಲ ಕೆಳಗಿಟ್ಟು ಕಸೂತಿಯ ಮುಂದೆ ಮಂಡಿಯೂರಿದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಾಯೆನಿಸುತ್ತಿತ್ತು. ಅವಳ ಬೆರಳು ಕಸೂತಿಯ ಮೂಗನ್ನು ಸವರಿತು; ಆಮೇಲೆ ರಗ್ಬಿ ಆಟದಲ್ಲಿ ಮುರಿದು ಎಡಕ್ಕೆ ವಾಲಿ ಚಪ್ಪಟೆಯಾಗಿದ್ದ ಅವನ ಮೂಗನ್ನು.

"ಎಷ್ಟು ಸಲ ಬಿಚ್ಚಿ ಹೊಲಿದ್ರೂ ಯಾರೋ ರಾಜಕುಮಾರನ ಮೂಗೇ ಬರ್ತಿತ್ತು ಕಣೋ. ಈಗ ನೋಡು, ನೀನೇ!" ಅವಳು ಕಣ್ಣೊರೆಸಿಕೊಂಡು ನಕ್ಕಳು. "ಬಾ, ಸೇಬುಗಳನ್ನ ಎಬ್ಬಿಸೋಣ. ಕೂತ್ಕೋ. ಕುರ್ಚಿ ಮೇಲೆ!"

ಮರುದಿನ ಚರ್ಚಿನ ಸಭಾಂಗಣದಲ್ಲಿ ತೀರ್ಪುಗಾರ್ತಿ ಮಿಸೆಸ್ ಪೆಂಬರ್ಟನ್ ಕನ್ನಡಕ ಏರಿಸಿ, ಫ್ರೇಮಿಲ್ಲದ ಕಸೂತಿಯತ್ತ ಬಗ್ಗಿದರು.

"ಎಲೆಗಳು ಯಾಕೋ ಸುಸ್ತಾಗಿವೆ. ಆದ್ರೆ ಈ ಮೂಗು! ಎಷ್ಟು ಸಹಜವಾಗಿದೆ! ಯಾವ ಸಲಕರಣೆಯಲ್ಲಿ ಮಾಡಿದ್ಯಮ್ಮ?"

"ಅಲ್ಲೇ ನಿಂತಿದೆ ಮೇಡಂ" ಎಂದು ಹೆಸ್ಟರ್ ಗಂಡನತ್ತ ಕೈ ತೋರಿಸಿದಳು. "ಸ್ವಲ್ಪ ತಿರುಗೋಕೆ ಹೇಳಿದ್ರೆ ಕಾಣುತ್ತೆ."

ಮಹಾಶಿಲ್ಪಿ ಚಹಾದ ಕಪ್ ಹಿಡಿದುಕೊಂಡು, ಗೋಡೆಗೆ ಬೆನ್ನು ಒತ್ತಿಕೊಂಡೇ, ಬಾಗಿಲಿನತ್ತ ಮೆಲ್ಲಗೆ ಸರಿಯತೊಡಗಿದ.