ಎಲೆ ಹಿಡಿದ ಮೇಲೆ

ಎಲೆ-ಅಡಿಕೆ ಬಾಯಿಗೆ ಬೀಳದ ಹೊರತು ನನಗೆ ಬುದ್ಧಿ ಓಡುವುದಿಲ್ಲ. ಬಿದ್ದ ಮೇಲಾದರೂ ಓಡುತ್ತದೆಯೇ ಎಂದು ನನ್ನ ಹೆಂಡತಿ ಗಿರಿಜಾ ಕೇಳುತ್ತಾಳೆ. ವೀಳ್ಯದೆಲೆಗೇ ಹೆಸರಾದ ಸವಣೂರಿನಲ್ಲಿ ಹುಟ್ಟಿದವನಿಗೆ ಇದು ಚಟವಲ್ಲ, ಸಂಸ್ಕಾರ ಎಂದು ವಾದಿಸುತ್ತ ಬಂದವನು ನಾನು. ಮನೆಗೆ ಬಂದವರಿಗೆ ನೀರು ಕೊಡಲು ಮರೆತರೂ ಎಲೆ ಕೊಡಲು ನಾವು ಮರೆಯುವುದಿಲ್ಲ. ಆ ಸಂಸ್ಕಾರವೇ ಒಂದು ದಿನ ನನ್ನ ಮಾನ ಕಳೆಯಿತು.

ನಾನು ಪಾಠ ಹೇಳುವ ಕಾಲೇಜಿನಲ್ಲಿ ದೀಪಾ ಎಂಬ ಹುಡುಗಿ ಇದ್ದಾಳೆ. ಎಲೆ ಮೆಲ್ಲುತ್ತ ನಾನು ಪಾಠ ಮಾಡುವುದನ್ನು ಅಣಕಿಸಿ ಹಿಂದಿನ ಬೆಂಚನ್ನೆಲ್ಲ ನಗಿಸುತ್ತಿದ್ದವಳು. ಈಗ ಅವಳ ಮೈಯಲ್ಲಿ ರಕ್ತ ಹುಟ್ಟುವುದೇ ನಿಂತುಹೋಗಿದೆ. ಹೊಂದುವಂಥ ಅಸ್ಥಿಮಜ್ಜೆ ಯಾರಾದರೂ ಕೊಟ್ಟರೆ ಬದುಕಬಹುದು. ಮನೆಯವರದು ಯಾರದೂ ಹೊಂದಲಿಲ್ಲ. ಅದಕ್ಕೇ ಮಜ್ಜೆದಾನದ ಜಾಗೃತಿ ದಿನದಂದು ಕಾಲೇಜಿನಲ್ಲಿ ಶಿಬಿರ ಇಟ್ಟೆವು. ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿ ಕೊಟ್ಟರೆ ಸಾಕು, ಹೊಂದುತ್ತದೋ ಇಲ್ಲವೋ ಪರೀಕ್ಷೆಯಲ್ಲಿ ತಿಳಿಯುತ್ತದೆ. ಹಾನಗಲ್ಲಿನಿಂದ, ಶಿಗ್ಗಾಂವದಿಂದ, ದೂರದ ಚಿಕ್ಕೇರೂರಿನಿಂದಲೂ ಜನ ಬಂದರು. ಸ್ವಾಗತದ ಹೊಣೆ ನನ್ನದು. ಬಾಗಿಲಲ್ಲೇ ತಟ್ಟೆ ಹಿಡಿದು ನಿಂತು, ಬಂದವರಿಗೆಲ್ಲ ಎಲೆ, ಅಡಿಕೆ, ಸುಣ್ಣ ಕೊಟ್ಟು ಕೂಡಿಸಿದೆ. ಸಭೆಯೆಲ್ಲ ಸುಖವಾಗಿ ಮೆಲ್ಲುತ್ತಿತ್ತು.

ಹುಬ್ಬಳ್ಳಿಯಿಂದ ಬಂದಿದ್ದ ನರ್ಸಮ್ಮ ಮೊದಲನೆಯವನ ಬಾಯಿ ತೆರೆಸಿದರು. ಕಡ್ಡಿ ಕೆಂಪಗೆ ಹೊರಬಂತು. ಎರಡನೆಯವನದೂ ಅದೇ ಬಣ್ಣ. "ಬಾಯಿ ಸ್ವಚ್ಛ ಇರಬೇಕ್ರಿ. ಎಲ್ಲಾರಿಗೂ ಎಲಿ ಕೊಟ್ಟವರು ಯಾರ್ರಿ?" ಎಂದರು. ನನ್ನ ಬಾಯಲ್ಲೂ ಎಲೆ ತುಂಬಿತ್ತು; ತಟ್ಟೆಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ.

ಎಲ್ಲರೂ ಬಾಯಿ ತೊಳೆದುಕೊಂಡು ಒಂದಿಷ್ಟು ಹೊತ್ತು ಕಾಯಬೇಕೆಂದಾಯಿತು. ಊರಿನ ಬಸ್ಸುಗಳು ಕಾಯುತ್ತವೆಯೇ? ದೀಪಾಳ ಅವ್ವ ಕಸ್ತೂರಕ್ಕ ಬಾಗಿಲ ಬಳಿ ನಿಂತು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು. ಎದ್ದು ಹೋಗುವವನ ಮಜ್ಜೆಯೇ ಹೊಂದುವಂಥದಾಗಿದ್ದರೆ ಎಂದು ನನ್ನ ಜೀವ ಬಾಯಿಗೆ ಬಂತು. ನಳದ ಹತ್ತಿರ ಹೋಗಿ ಕೈಮುಗಿದೆ. "ತಪ್ಪಾತ್ರೆಪಾ. ಸ್ವಲ್ಪ ತಡೀರಿ, ಯಾರೂ ಹೋಗಬ್ಯಾಡ್ರಿ."

ಚಿಕ್ಕೇರೂರಿನ ರೈತನೊಬ್ಬ ಬಾಯಿ ಮುಕ್ಕಳಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿಕೊಂಡ. "ಹೆಂಗ ಹೋಗೂದ್ರಿ ಸರ? ನಿಮ್ಮ ಕೈಯಾಗಿಂದ ಎಲಿ ಹಿಡದೇವಿ. ಎಲಿ ಹಿಡದ ಮ್ಯಾಲ ಮಾತು ಕೊಟ್ಟಂಗ ಅಲ್ಲೇನ್ರಿ?"

ನಿಜ, ನಮ್ಮ ಕಡೆ ಹೆಣ್ಣು ಕೊಡುವ ಮಾತೂ ಎಲೆ-ಅಡಿಕೆಯ ಮೇಲೆಯೇ ನಿಲ್ಲುತ್ತದೆ. ಒಬ್ಬರೂ ಕದಲಲಿಲ್ಲ. ಕಸ್ತೂರಕ್ಕ ಆಗ ಕುರ್ಚಿಯಲ್ಲಿ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೂ ಅಳು ತಡೆಯಲಾಗಲಿಲ್ಲ.

ಕೊನೆಗೆ ನಾನೂ ಬಾಯಿ ತೊಳೆದು ಸಾಲಿನಲ್ಲಿ ನಿಂತೆ. ನರ್ಸಮ್ಮ ವಯಸ್ಸು ಕೇಳಿದರು. ಬಹಳ ವರ್ಷಗಳ ಮೇಲೆ ನಿಜ ಹೇಳಿದೆ. "ವಯಸ್ಸು ದಾಟೇತ್ರಿ ಸರ," ಎಂದು ಕಡ್ಡಿಯನ್ನು ನನ್ನ ಹಿಂದಿದ್ದವನ ಕಡೆ ತಿರುಗಿಸಿದರು.

ಪರೀಕ್ಷೆಯ ಫಲ ಇನ್ನೂ ಬಂದಿಲ್ಲ, ಕಾಯುತ್ತಿದ್ದೇವೆ. ಮೊನ್ನೆ ಆಸ್ಪತ್ರೆಯಿಂದ ದೀಪಾ ಫೋನ್ ಮಾಡಿದ್ದಳು. "ಸರ, ಎಲಿ ಬಿಟ್ಟೀರಂತಲ್ಲರಿ?"

"ನೀ ಆರಾಮಾಗಿ ಬಂದ ಮ್ಯಾಲ ಹಾಕ್ಕೊಂತೇನಿ."

"ಹಂಗಾರ ಲಗೂನ ಬರ್ತೇನ್ರಿ. ಎಲಿ ಇಲ್ಲದ ನಿಮ್ಮ ಪಾಠ ಕ್ಲಾಸಿನವರು ಹೆಂಗ ತಡಕೊಂಡಾರೋ, ಪಾಪ."

ತಡೆದುಕೊಳ್ಳುತ್ತಿದ್ದಾರೆ. ಮನೆಯಲ್ಲಿ ಗಿರಿಜಾ ನನ್ನ ಸಿಡುಕನ್ನು ತಡೆದುಕೊಳ್ಳುತ್ತಿದ್ದಾಳೆ. ಯಾವ ಕಡ್ಡಿಗೂ ಬೇಡವಾದ ನನ್ನ ಬಾಯಿ ಮಾತ್ರ ಈಗ ಇಡೀ ಸವಣೂರಿನಲ್ಲೇ ಎಲ್ಲಕ್ಕಿಂತ ಸ್ವಚ್ಛವಾಗಿದೆ.